ಎರಡು ಸಾವು, ಒಂದೇ ಕೈ: 'ಅರ್ಧ ಸತ್ಯ' ಚಿತ್ರದ ಮರುನೋಟ



ಉಪನ್ಯಾಸದ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ನನಗೇ ಬಿಟ್ಟುಕೊಟ್ಟಿರಿ. ಸಿನಿಮಾ ಕುರಿತು ಮಾತಾಡುತ್ತೇನೆ ಎಂದಾಗ ಯಾರೂ ಹುಬ್ಬೇರಿಸಲಿಲ್ಲ. ಪೊಲೀಸು ಮತ್ತು ಭೂಗತ ಲೋಕದ ಸಿನಿಮಾ ಎಂದಾಗ ಮಾತ್ರ ಸಂಚಾಲಕರು ಸ್ವಲ್ಪ ತಡೆದು, ಅದರಲ್ಲಿ ಹೊಡೆದಾಟ ಜಾಸ್ತಿಯೇ ಎಂದು ವಿಚಾರಿಸಿದರು. ಹೊಡೆತ ಇದೆ, ಹೊಡೆದಾಟ ಕಡಿಮೆ. ಹೊಡೆದಾಟದಲ್ಲಿ ಇಬ್ಬರೂ ಕೈಯೆತ್ತುತ್ತಾರೆ. ಹೊಡೆತದಲ್ಲಿ ಒಬ್ಬನೇ ಎತ್ತುತ್ತಾನೆ. ನನ್ನ ಇವತ್ತಿನ ಮಾತೆಲ್ಲ ಈ ಎರಡನೆಯದರ ಸುತ್ತಲೇ ಇರುತ್ತದೆ.

ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಎತ್ತಿಕೊಂಡಿರುವುದು ಒಂದೇ ಚಿತ್ರ: ಗೋವಿಂದ ನಿಹಲಾನಿ ನಿರ್ದೇಶಿಸಿದ, 1983ರಲ್ಲಿ ಬಂದ 'ಅರ್ಧ ಸತ್ಯ'. ಚಿತ್ರ ಯಾರ ಕೈಯಲ್ಲಿ, ಎಂಥ ಊರಿನಲ್ಲಿ ಹುಟ್ಟಿತು ಎನ್ನುವುದನ್ನು ಮೊದಲು ನೋಡೋಣ. ಆಮೇಲೆ ಅದರೊಳಗೆ ಸಂಘಟಿತ ಅಪರಾಧ ಹೇಗೆ ಕೆಲಸ ಮಾಡುತ್ತದೆ, ಅದನ್ನು ಎದುರಿಸಹೊರಟ ಸಬ್ ಇನ್‌ಸ್ಪೆಕ್ಟರನ ಮನೆಯಲ್ಲಿ ಏನಿತ್ತು ಎಂಬ ಎರಡು ಪ್ರಶ್ನೆಗಳು. ಕೊನೆಗೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಮಾತು: ಅವನ ಕೈಯಿಂದ ಆಗುವ ಎರಡು ಸಾವುಗಳು. ನೈತಿಕ ಧೈರ್ಯ ಎಂದು ನಾವು ಯಾವುದಕ್ಕೆ ಹೆಸರಿಡುತ್ತೇವೆ ಎನ್ನುವ ಚರ್ಚೆ ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಮೊದಲು, ಚಿತ್ರ ಮಾಡಿದವರು. ನಿಹಲಾನಿ 1940ರಲ್ಲಿ ಕರಾಚಿಯಲ್ಲಿ ಹುಟ್ಟಿದವರು. ಛಾಯಾಗ್ರಹಣ ಕಲಿತದ್ದು ನಮ್ಮ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. 1962ರಲ್ಲಿ ಅಲ್ಲಿಂದ ಹೊರಬಿದ್ದು, ಮುಂಬೈಯಲ್ಲಿ ಮೈಸೂರಿನ ವಿ. ಕೆ. ಮೂರ್ತಿಯವರ ಸಹಾಯಕರಾದರು. ಮೂರ್ತಿಯವರೂ ಅದೇ ಪಾಲಿಟೆಕ್ನಿಕ್‌ನಲ್ಲಿ ಕಲಿತವರು. 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕನ್ನಡಿ ಹಿಡಿದು ಬಿಸಿಲಿನ ಕೋಲನ್ನೇ ಸ್ಟುಡಿಯೋದೊಳಕ್ಕೆ ಇಳಿಸಿದವರು. ಗಿರೀಶ ಕಾರ್ನಾಡರ 'ಕಾಡು' ನೋಡಿದವರು ನಿಹಲಾನಿಯವರ ಕ್ಯಾಮೆರಾವನ್ನು ತಿಳಿಯದೆಯೇ ನೋಡಿದ್ದೀರಿ. 'ಅರ್ಧ ಸತ್ಯ'ಕ್ಕೂ ಕ್ಯಾಮೆರಾ ಅವರದೇ. ಗುರುವಿನ ಬೆಳಕಿಗೆ ಚೆಲುವಿನ ಹಂಬಲವಿತ್ತು. ಶಿಷ್ಯನ ಬೆಳಕು ಈ ಚಿತ್ರದಲ್ಲಿ ಆ ಗೊಡವೆಗೇ ಹೋಗಿಲ್ಲ. ಠಾಣೆ ಠಾಣೆಯಾಗಿಯೇ ಕಾಣುತ್ತದೆ, ಬಾರು ಬಾರಾಗಿಯೇ ಕಾಣುತ್ತದೆ.

ಕಥೆ ಎಸ್. ಡಿ. ಪಾನವಲಕರ್ ಅವರ ಮರಾಠಿ ಕಥೆ 'ಸೂರ್ಯ'ದಿಂದ ಬಂದದ್ದು. ಚಿತ್ರಕಥೆ ವಿಜಯ ತೆಂಡೂಲ್ಕರ್ ಅವರದು. ತೆಂಡೂಲ್ಕರ್ ಎಂದ ಕೂಡಲೇ ನಮ್ಮ ರಂಗಾಸಕ್ತರಿಗೆ 'ಘಾಶೀರಾಂ ಕೊತ್ವಾಲ್' ನೆನಪಾಗುತ್ತದೆ. ಅದೂ ಪೊಲೀಸಿನ ಕಥೆಯೇ ತಾನೆ? ಪೇಶ್ವೆಯ ಕಾಲದ ಪುಣೆಯಲ್ಲಿ ನಾನಾ ಫಡಣವೀಸ ತನ್ನ ಅನುಕೂಲಕ್ಕೆ ಒಬ್ಬ ಕೊತ್ವಾಲನನ್ನು ಸೃಷ್ಟಿಸುತ್ತಾನೆ. ಬೇಡವಾದಾಗ ಅವನನ್ನು ಜನರ ಕಲ್ಲಿಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತಾನೆ. ಆ ನಾಟಕವಾಗಿ ಹತ್ತು ವರ್ಷದ ಮೇಲೆ ತೆಂಡೂಲ್ಕರ್ ಅದೇ ಪ್ರಶ್ನೆಯನ್ನು ಖಾಕಿ ತೊಡಿಸಿ ಮುಂಬೈಗೆ ತಂದರು ಎಂದು ನನಗೆ ಅನ್ನಿಸುತ್ತದೆ. ವ್ಯತ್ಯಾಸ ಇಷ್ಟೆ: ಇಲ್ಲಿ ನಾನಾ ಕಣ್ಣಿಗೆ ಕಾಣುವುದಿಲ್ಲ. ಅವನು ಫೋನಿನ ಆ ತುದಿಯಲ್ಲಿದ್ದಾನೆ.

ಊರಿನ ಬಗ್ಗೆಯೂ ಎರಡು ಮಾತು. 1982ರ ಜನವರಿ 11ರಂದು ವಡಾಲಾದಲ್ಲಿ ಮನ್ಯಾ ಸುರ್ವೆ ಎಂಬ ಪಾತಕಿ ಪೊಲೀಸರ ಗುಂಡಿಗೆ ಬಿದ್ದ. ಮುಂಬೈಯ 'ಎನ್‌ಕೌಂಟರ್' ಚರಿತ್ರೆ ಅಲ್ಲಿಂದಲೇ ಶುರು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಒಂದು ವಾರಕ್ಕೆ, ಜನವರಿ 18ರಂದು, ದತ್ತಾ ಸಾಮಂತರ ನೇತೃತ್ವದಲ್ಲಿ ಜವಳಿ ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಬೀದಿಗೆ ಬಂದರು. ಅದೇ ವರ್ಷ ಆಗಸ್ಟ್ 18ರಂದು ಪೊಲೀಸ್ ಪೇದೆಗಳೇ ದಂಗೆಯೆದ್ದು, ಅವರನ್ನು ಹತ್ತಿಕ್ಕಲು ಸರ್ಕಾರ ಸೇನೆಯನ್ನು ಕರೆಸಬೇಕಾಯಿತು. ಕಾನೂನು ಕಾಯುವವನಿಗೇ ಕಾನೂನಿನ ಮೇಲೆ ನಂಬಿಕೆ ಸಡಿಲಿದ ಊರು ಅದು. ಆ ಊರಿನಲ್ಲಿ ಅನಂತ ವೇಲಣಕರ್ ಎಂಬ ಪ್ರಾಮಾಣಿಕ ಸಬ್ ಇನ್‌ಸ್ಪೆಕ್ಟರನ ಕಥೆ ಬಂತು.

ಆ ಪಾತ್ರ ಓಂ ಪುರಿಯವರದು. ರಾಷ್ಟ್ರಪ್ರಶಸ್ತಿಯೂ ಕಾರ್ಲೋವಿ ವಾರಿ ಚಿತ್ರೋತ್ಸವದ ಪ್ರಶಸ್ತಿಯೂ ಅವರಿಗೆ ಇದರಿಂದ ಬಂದವು. ಅವನ ಎದುರಿಗೆ ನಿಂತ ಪಾತಕಿಯ ಹೆಸರು ರಾಮಾ ಶೆಟ್ಟಿ. ಹೆಸರು ಕೇಳಿ ಕರಾವಳಿಯವರು ಮುಖ ಗಂಟಿಕ್ಕಿಕೊಳ್ಳುವುದು ಸಹಜ. ಮುಂಬೈಯ ಹಿಂದಿ ಚಿತ್ರಗಳು ಖಳನಿಗೆ ಹೆಸರು ಬೇಕಾದಾಗಲೆಲ್ಲ ನಮ್ಮವರ ಹೋಟೆಲಿನ ಬೋರ್ಡು ನೋಡುತ್ತವೆಯೋ ಏನೋ! ಚಿತ್ರದ ನಿರ್ಮಾಪಕರು ಮನಮೋಹನ ಶೆಟ್ಟಿ ಮತ್ತು ಪ್ರದೀಪ್ ಉಪ್ಪೂರ್ ಎಂಬುದನ್ನು ಸಮಾಧಾನಕ್ಕಾಗಿ ಜೊತೆಗೇ ಹೇಳಿಬಿಡುತ್ತೇನೆ. ಪಾತ್ರ ಮಾಡಿದ ಸದಾಶಿವ ಅಮರಾಪುರಕರ್ ಮರಾಠಿ ರಂಗಭೂಮಿಯಿಂದ ಬಂದವರು, ಹಿಂದಿ ಪ್ರೇಕ್ಷಕರಿಗೆ ಆಗ ಹೊಸಮುಖ. ಅವರ ಶೆಟ್ಟಿ ಕೂಗಾಡುವುದಿಲ್ಲ. ಅವಸರವಿಲ್ಲದ ದನಿಯಲ್ಲಿ, ಎದುರಿಗಿರುವವನ ಬೆಲೆ ಎಷ್ಟೆಂದು ಅಳೆಯುತ್ತಾ ಮಾತಾಡುತ್ತಾನೆ.

ಇನ್ನು ಎರಡನೆಯ ವಿಷಯಕ್ಕೆ ಬರುತ್ತೇನೆ: ಸಂಘಟಿತ ಅಪರಾಧದ ಕಾರ್ಯವಿಧಾನ.

ಹೋಲಿಕೆಗೆ ಹತ್ತು ವರ್ಷ ಹಿಂದಿನ 'ಜಂಜೀರ್' ನೆನೆಯಿರಿ. ಠಾಣೆಗೆ ಬಂದ ಶೇರ್ ಖಾನ್ ಕೂರಲು ಹೊರಟಾಗ ಅಮಿತಾಭ್ ಬಚ್ಚನ್ನರ ಇನ್‌ಸ್ಪೆಕ್ಟರ್ ಆ ಕುರ್ಚಿಯನ್ನು ಒದ್ದು, ಇದು ಪೊಲೀಸ್ ಠಾಣೆ ಎಂದು ನೆನಪಿಸುತ್ತಾನೆ. ಆ ದೃಶ್ಯಕ್ಕೆ ಇಡೀ ದೇಶ ಚಪ್ಪಾಳೆ ಹೊಡೆಯಿತು. ಅಲ್ಲಿ ಠಾಣೆಗೆ ಒಂದು ಘನತೆ ಇದೆ, ಕುರ್ಚಿ ಯಾರದು ಎಂಬ ಬಗ್ಗೆ ಗೊಂದಲವಿಲ್ಲ. 'ಅರ್ಧ ಸತ್ಯ'ದಲ್ಲಿ ಶೆಟ್ಟಿ ಠಾಣೆಗೆ ಬರುವುದೇ ಇಲ್ಲ. ಪೊಲೀಸನೇ ಅವನಿದ್ದಲ್ಲಿಗೆ ಹೋಗಬೇಕು.

ಹೋಗುವ ಸಂದರ್ಭ ಇದು. ಶೆಟ್ಟಿಯ ಬಳಿ ಕೆಲಸ ಮಾಡುತ್ತಿದ್ದವನೊಬ್ಬ ಹೊಡೆತ ತಿಂದು, ಮೈ ಸುಟ್ಟು, ಸಾಯಲೆಂದು ಬಿಸಾಡಿದ ಸ್ಥಿತಿಯಲ್ಲಿ ವೇಲಣಕರ್‌ಗೆ ಸಿಗುತ್ತಾನೆ. ವೇಲಣಕರ್ ಅವನನ್ನು ಆಸ್ಪತ್ರೆಗೆ ಸಾಗಿಸಿ ಹೇಳಿಕೆ ಬರೆದುಕೊಳ್ಳುತ್ತಾನೆ. ಇದಕ್ಕಿಂತ ಬಲವಾದ ಸಾಕ್ಷ್ಯ ಇನ್ನೇನು ಬೇಕು? ಶೆಟ್ಟಿಯನ್ನು ಬಂಧಿಸಲು ಹೋದಾಗ ಶೆಟ್ಟಿ ಕತ್ತಿ ತೆಗೆಯುವುದಿಲ್ಲ, ಓಡುವುದಿಲ್ಲ, ಲಂಚದ ಮಾತೂ ಆಡುವುದಿಲ್ಲ. ಒಂದು ಫೋನು ಮಾಡುತ್ತಾನೆ. ಮಾಡಿ, ರಿಸೀವರನ್ನು ಇವನ ಕೈಗೆ ಕೊಡುತ್ತಾನೆ. ಆ ತುದಿಯಲ್ಲಿರುವುದು ಇವನ ಮೇಲಧಿಕಾರಿಯ ದನಿ. ಇವನು ಸಾಕ್ಷ್ಯದ ಬಗ್ಗೆ ವಿವರಿಸಲು ನೋಡುತ್ತಾನೆ. ಬಿಟ್ಟು ವಾಪಸು ಬಾ ಎಂಬ ಆದೇಶ ಸಿಗುತ್ತದೆ. ಕೆಲವೇ ಕ್ಷಣಗಳಲ್ಲಿ ಎಲ್ಲ ಮುಗಿದು, ಪೊಲೀಸನು ಪಾತಕಿಯ ಮನೆಯಿಂದ ಬರಿಗೈಯಲ್ಲಿ ಹೊರಬೀಳುತ್ತಾನೆ. ಗುಂಡು ಹಾರಿದ್ದರೆ ಅವನು ಎದುರಿಸುತ್ತಿದ್ದ, ಅದಕ್ಕೆ ತರಬೇತಿಯಿದೆ. ಟೆಲಿಫೋನಿನ ಎದುರು ಏನು ಮಾಡಬೇಕೆಂದು ಅವನಿಗೆ ಯಾವ ತರಬೇತಿ ಶಾಲೆಯೂ ಕಲಿಸಿಲ್ಲ. ಆಮೇಲೆ ಇನ್‌ಸ್ಪೆಕ್ಟರ್ ಹೈದರ್ ಅಲಿ ಕಾರಣ ವಿವರಿಸುತ್ತಾನೆ: ಶೆಟ್ಟಿ ಮಹಾನಗರಪಾಲಿಕೆಯ ಚುನಾವಣೆಗೆ ನಿಲ್ಲುವವನಿದ್ದಾನೆ.

ಈ ದೃಶ್ಯವನ್ನು ಎಲ್ಲರೂ ನೆನಪಿಡುತ್ತಾರೆ. ಇದಕ್ಕೂ ಮೊದಲು ಬರುವ ಇನ್ನೊಂದು ಪ್ರಸಂಗ ಅಷ್ಟು ಸದ್ದು ಮಾಡುವುದಿಲ್ಲ, ಆದರೆ ನನಗೆ ಅದೇ ಹೆಚ್ಚು ಭಯಂಕರ. ಗುಡಿಸಲಿನವನೊಬ್ಬ ತನ್ನ ಹೆಂಡತಿಯನ್ನು ಕೆಲವು ಪುಂಡರು ಕಾಡುತ್ತಿದ್ದಾರೆ ಎಂದು ದೂರು ಕೊಡುತ್ತಾನೆ. ವೇಲಣಕರ್ ಅವರನ್ನು ಹಿಡಿದು ಒಳಗೆ ಹಾಕಿ ಚೆನ್ನಾಗಿ ಬಾರಿಸುತ್ತಾನೆ. ಅವರು ಸ್ಥಳೀಯ ಶಾಸಕರ ಕಡೆಯವರು, ಚುನಾವಣೆಯ ಹೊತ್ತಿಗೆ ಬೇಕಾಗುವ ಜನ. ಸಬ್ ಇನ್‌ಸ್ಪೆಕ್ಟರನನ್ನು ಅಮಾನತು ಮಾಡಬೇಕೆಂಬ ಒತ್ತಡ ಬರುತ್ತದೆ. ತಪ್ಪು ಮಾಡಿಲ್ಲವಲ್ಲ, ವಿಚಾರಣೆ ಎದುರಿಸುತ್ತೇನೆ ಎಂದು ಇವನು ನಿಂತಿದ್ದಾನೆ. ಹೈದರ್ ಅಲಿ ನಗುವುದೊಂದು ಬಾಕಿ. ದಿಲ್ಲಿಯವರೆಗೆ ಕೈಯಿರುವ ದೇಸಾಯಿ ಎಂಬ ಮಧ್ಯವರ್ತಿಯನ್ನು ಹಿಡಿದು ವಿಷಯವನ್ನು ಮುಗಿಸಿಕೊಡುತ್ತಾನೆ. ನೌಕರಿ ಉಳಿಯಿತು.

ಶಫಿ ಇನಾಮದಾರ್ ಮಾಡಿದ ಈ ಹೈದರ್ ಅಲಿ ಕೆಟ್ಟವನಲ್ಲ. ಕಿರಿಯನ ಮೇಲೆ ಅವನಿಗೆ ಅಕ್ಕರೆಯಿದೆ, ಲೋಕ ನೋಡಿದವನ ಜಾಣತನವಿದೆ. ಆದರೆ ಆ ದಿನದಿಂದ ವೇಲಣಕರನ ಪ್ರಾಮಾಣಿಕತೆ ದೇಸಾಯಿಯ ದಯೆಯ ಮೇಲೆ ನಿಂತಿದೆ. ಶೆಟ್ಟಿಗೆ ಫೋನಿನ ಆ ತುದಿಯಲ್ಲಿ ಒಬ್ಬನಿದ್ದರೆ, ಇವನಿಗೂ ಒಬ್ಬನು ಇದ್ದಂತಾಯಿತು. ಸಂಘಟಿತ ಅಪರಾಧ ಪ್ರಾಮಾಣಿಕರನ್ನು ಹೆದರಿಸಿ ಗೆದ್ದ ಕಥೆಗಳನ್ನು ಬಹಳ ಕೇಳಿದ್ದೇವೆ. ಪ್ರಾಮಾಣಿಕರನ್ನು ಪಾರುಮಾಡಿ ಗೆಲ್ಲುವ ಬಗೆಯನ್ನು ಇಷ್ಟು ಸರಳವಾಗಿ ತೋರಿಸಿದ ಚಿತ್ರ ಇನ್ನೊಂದನ್ನು ನಾನು ನೋಡಿಲ್ಲ. ಅಪರಾಧಿ, ರಾಜಕಾರಣಿ ಮತ್ತು ಅಧಿಕಾರಿಗಳ ನಂಟಿನ ಬಗ್ಗೆ ಎನ್. ಎನ್. ವೋಹ್ರಾ ಸಮಿತಿ ಕೇಂದ್ರ ಸರ್ಕಾರಕ್ಕೆ ವರದಿ ಕೊಟ್ಟದ್ದು 1993ರಲ್ಲಿ, ಈ ಚಿತ್ರ ಬಂದು ಹತ್ತು ವರ್ಷವಾದ ಮೇಲೆ.

ಮೂರನೆಯ ಅಂಶಕ್ಕೆ ಹೋಗುವ ಮೊದಲು ಮೈಕ್ ಲೋಬೊ ಎಂಬ ಪಾತ್ರವನ್ನು ಹೆಸರಿಸದೆ ದಾಟುವಂತಿಲ್ಲ. ನಸೀರುದ್ದೀನ್ ಶಾ ಮಾಡಿದ ಪಾತ್ರ. ಒಂದು ಕಾಲದಲ್ಲಿ ಒಳ್ಳೆಯ ಅಧಿಕಾರಿ, ಈಗ ನೌಕರಿ ಕಳೆದುಕೊಂಡು ಕುಡಿತದಲ್ಲಿ ಮುಳುಗಿದವನು. ಪರದೆಯ ಮೇಲೆ ಇರುವುದು ಸ್ವಲ್ಪ ಹೊತ್ತು. ಆದರೂ ವೇಲಣಕರ್ ಕುಡಿಯಲು ಕುಳಿತಾಗಲೆಲ್ಲ ಲೋಬೊ ಪಕ್ಕದಲ್ಲೇ ಇದ್ದಾನೆ ಅನ್ನಿಸುತ್ತದೆ.

ಈಗ ಮನೆಯ ಮಾತು. ಅನಂತನ ತಂದೆ ಹಳ್ಳಿಯಲ್ಲಿ ಪೊಲೀಸ್ ನೌಕರಿ ಮಾಡಿ ನಿವೃತ್ತನಾದವನು. ಅಮರೀಶ್ ಪುರಿ ಈ ಪಾತ್ರದಲ್ಲಿದ್ದಾರೆ. ಎಳ್ಳಷ್ಟು ನೆಪ ಸಿಕ್ಕರೂ ಹೆಂಡತಿಯ ಕೆನ್ನೆಗೆ ಬಾರಿಸುವ ಗಂಡ. ಹುಡುಗ ನಿಂತು ನೋಡುತ್ತಾನೆ, ತಡೆಯಲಾರ. ಪದವಿ ಮುಗಿಸಿ ಮುಂದೆ ಓದುತ್ತೇನೆ ಎಂದ ಮಗನನ್ನು ಅದೇ ತಂದೆ ಪೊಲೀಸಿಗೆ ನೂಕುತ್ತಾನೆ. ಅಂದರೆ, ಖಾಕಿ ಬಟ್ಟೆ ಅವನಿಗೆ ಬಂದದ್ದೇ ಒಂದು ಹೊಡೆತದಂತೆ.

ಇಲ್ಲಿ ಚಿತ್ರ ಬಹಳ ಸೂಕ್ಷ್ಮವಾಗುತ್ತದೆ. ತಾಯಿಯನ್ನು ಹೊಡೆಯುವಾಗ ಸುಮ್ಮನೆ ನಿಂತ ಹುಡುಗನ ಅವಮಾನವೇ ದೊಡ್ಡವನಾದ ಮೇಲೆ ಅವನ ನ್ಯಾಯಪ್ರಜ್ಞೆಯ ಇಂಧನ. ಯಾರೋ ಹೆಂಗಸಿಗೆ ತೊಂದರೆ ಎಂದಾಗ ಅವನು ಅಷ್ಟು ಜೋರಾಗಿ ಎಗರುವುದು ಅದಕ್ಕೇ. ಆದರೆ ಎಗರಿದ ಮೇಲೆ ಅವನ ಕೈ ಚಲಿಸುವ ರೀತಿ ಮಾತ್ರ ತಂದೆಯದೇ. ಒಳ್ಳೆಯ ಕಾರಣಕ್ಕೆ ಎತ್ತಿದ ಕೈ ಇದು, ಸುಮ್ಮನಿರಲು ಕಲಿತದ್ದಲ್ಲ. ಗುಡಿಸಲಿನ ಪುಂಡರನ್ನು ಅವನು ಬಡಿಯುವಾಗ ನಮಗೂ ಒಳಗೊಳಗೆ ಖುಷಿಯಾಗುತ್ತದೆ. ಆ ಖುಷಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅನಂತನ ಗೆಳತಿ, ಸ್ಮಿತಾ ಪಾಟೀಲರ ಜ್ಯೋತ್ಸ್ನಾ, ಕಾಲೇಜಿನ ಉಪನ್ಯಾಸಕಿ. ಅವಳ ಜೊತೆ ಓಡಾಡುವಾಗ ಒಮ್ಮೆ ಅನಂತ ಕವನ ಸಂಕಲನವೊಂದನ್ನು ಕೈಗೆತ್ತಿಕೊಂಡು ಒಂದು ಪದ್ಯ ಓದುತ್ತಾನೆ. ಬರೆದವರು ಮರಾಠಿ ಕವಿ ದಿಲೀಪ ಚಿತ್ರೆ. ಚಕ್ರವ್ಯೂಹವನ್ನು ಹೊಕ್ಕವನ ಮನಸ್ಸು ಅದರ ವಸ್ತು. ಮೊದಲು ಉತ್ಸಾಹದಲ್ಲಿ ಶುರುಮಾಡಿದ ದನಿ ಸಾಲು ಮುಂದುವರಿದಂತೆ ತಗ್ಗಿ, ಭಾರವಾಗಿ, ಕೊನೆಗೆ ಓದುವವನೇ ಅದರೊಳಗೆ ಸಿಕ್ಕಿಕೊಂಡಂತಾಗುತ್ತದೆ. ಓಂ ಪುರಿಯವರ ಅಭಿನಯದಲ್ಲಿ ನಾನು ಅತಿ ಹೆಚ್ಚು ಮೆಚ್ಚುವ ನಿಮಿಷಗಳು ಇವೇ. ಕಣ್ಣು ಪುಸ್ತಕದಲ್ಲಿದೆ, ಮುಖ ಮಾತ್ರ ಬೇರೆಲ್ಲೋ ಹೋಗಿಬಿಟ್ಟಿದೆ.

ನಮ್ಮಲ್ಲಿ ಚಕ್ರವ್ಯೂಹ ಎಂದರೆ ಅಭಿಮನ್ಯು. ಯಕ್ಷಗಾನದಲ್ಲಿ 'ಅಭಿಮನ್ಯು ಕಾಳಗ' ನಡೆದಾಗ ಪುಂಡುವೇಷದವನ ಧೀಂಗಿಣಕ್ಕೆ ಸಭೆ ರೋಮಾಂಚನಗೊಳ್ಳುತ್ತದೆ. ಹೊರಬರುವ ದಾರಿ ತಿಳಿಯದ ಹುಡುಗನಿಗಾಗಿ ಕಣ್ಣೀರಿಡುತ್ತದೆ. ಹುಡುಗನ ಬಗ್ಗೆ ನಮಗೆ ಸಂಶಯವೇ ಇಲ್ಲ, ಅವನು ಚೊಕ್ಕ ಚಿನ್ನ. ಚಿತ್ರೆಯವರ ಪದ್ಯಕ್ಕೆ ಆ ನೆಮ್ಮದಿ ಇಲ್ಲ. ವ್ಯೂಹದ ಒಳಗೆ ಕಾದುವವನು ಹೊಕ್ಕಾಗ ಇದ್ದವನೇ ಆಗಿ ಉಳಿಯುತ್ತಾನೆಯೇ ಎಂಬ ಅನುಮಾನ ಅದರದು. ಇಡೀ ಚಿತ್ರದ ಅನುಮಾನವೂ ಅದೇ.

ಈಗ ಕೊನೆಯ ಭಾಗ. ಎರಡು ಸಾವುಗಳು.

ವೇಲಣಕರ್ ಜೀವ ಪಣಕ್ಕಿಟ್ಟು ಗುಡ್ಡಗಾಡಿನಲ್ಲಿ ಒಬ್ಬ ಡಕಾಯಿತನನ್ನು ಹಿಡಿಯುತ್ತಾನೆ. ಶ್ರೇಯಸ್ಸು ಬೇರೊಬ್ಬ ಅಧಿಕಾರಿಗೆ ಸಲ್ಲುತ್ತದೆ. ಅಲ್ಲಿಂದ ಕುಡಿತ ಹೆಚ್ಚುತ್ತದೆ, ಜ್ಯೋತ್ಸ್ನಾಳ ಜೊತೆಗಿನ ಅಂತರವೂ ಹೆಚ್ಚುತ್ತದೆ. ಅಂಥ ಒಂದು ರಾತ್ರಿ ಅವನ ಕೈಗೆ ಸಿಕ್ಕುವವನು ಒಬ್ಬ ಚಿಲ್ಲರೆ ಕಳ್ಳ. ಆರೋಪ ಏನು? ಒಂದು ಸಣ್ಣ ರೇಡಿಯೋ ಕದ್ದದ್ದು. ಲಾಕಪ್ಪಿನಲ್ಲಿ ವೇಲಣಕರ್ ಅವನನ್ನು ಹೊಡೆಯುತ್ತಾನೆ. ಶೆಟ್ಟಿಗೆ ಬೀಳಬೇಕಾಗಿದ್ದ ಹೊಡೆತ, ಶಾಸಕನಿಗೆ, ಫೋನಿನ ಆ ತುದಿಯವನಿಗೆ, ತಂದೆಗೆ ಬೀಳಬೇಕಾಗಿದ್ದ ಹೊಡೆತ ಎಲ್ಲವೂ ರೇಡಿಯೋ ಕದ್ದವನ ಮೈಮೇಲೆ ಬೀಳುತ್ತದೆ. ಅವನು ಸಾಯುತ್ತಾನೆ. ಅವನಿಗಾಗಿ ಎಲ್ಲಿಂದಲೂ ಫೋನು ಬರುವುದಿಲ್ಲ.

ವೇಲಣಕರ್ ಅಮಾನತಾಗುತ್ತಾನೆ. ಈ ಸಲ ದೇಸಾಯಿ ಸಾಲದು. ಪಾರುಮಾಡಬಲ್ಲವನು ಈಗ ರಾಜಕೀಯದಲ್ಲಿ ಮೇಲೇರಿರುವ ರಾಮಾ ಶೆಟ್ಟಿ ಮಾತ್ರ ಎಂದು ಹೈದರ್ ಅಲಿಯೇ ಸಲಹೆ ಕೊಡುತ್ತಾನೆ. ವೇಲಣಕರ್ ಹೋಗುತ್ತಾನೆ. ಶೆಟ್ಟಿ ಸಹಾಯಕ್ಕೆ ಒಪ್ಪುತ್ತಾನೆ, ಇನ್ನು ಮೇಲೆ ತನ್ನವನಾಗಿರಬೇಕು ಎಂಬ ಕರಾರಿನ ಮೇಲೆ. ಆ ಮಾತಿನ ನಡುವೆಯೇ ವೇಲಣಕರ್ ಅವನ ಕತ್ತು ಹಿಸುಕಿ ಕೊಲ್ಲುತ್ತಾನೆ. ಆಮೇಲೆ ತಾನಾಗಿ ಠಾಣೆಗೆ ಹೋಗಿ ಶರಣಾಗುತ್ತಾನೆ.

ಪ್ರೇಕ್ಷಕರು ಹಗುರಾಗುವುದು ಈ ಕೊಲೆಯಲ್ಲಿ. ಅಲ್ಲಿಯವರೆಗೆ ಬಿಗಿಹಿಡಿದ ಉಸಿರು ಅಲ್ಲಿ ಬಿಡುಗಡೆಯಾಗುತ್ತದೆ. ಆಗಿನ ವಿಮರ್ಶೆಗಳೂ ಇಂದಿನ ಚರ್ಚೆಗಳೂ ಬಹಳ ಸಲ ಇದನ್ನೇ ನೈತಿಕ ಧೈರ್ಯದ ಕ್ಷಣ ಎನ್ನುತ್ತವೆ. ನಾನು ಒಪ್ಪುವುದಿಲ್ಲ. ಶೆಟ್ಟಿಯ ಕತ್ತು ಹಿಡಿದದ್ದೂ ರೇಡಿಯೋ ಕದ್ದವನನ್ನು ಬಡಿದದ್ದೂ ಅದೇ ಕೈ, ಅದೇ ಸಿಟ್ಟು. ಎರಡನ್ನೂ ಒಂದರ ಬೆನ್ನಿಗೆ ಒಂದು ಇಟ್ಟದ್ದು ತೆಂಡೂಲ್ಕರ್‌ರ ಜಾಣತನ. ಅಷ್ಟಾದರೂ ನಾವು ಮೊದಲನೆಯ ಸಾವನ್ನು ಎರಡನೆಯದಕ್ಕೆ ತಲುಪಿಸುವ ಮೆಟ್ಟಿಲಾಗಿ ಮಾತ್ರ ನೋಡುತ್ತೇವೆ. ಇದರಲ್ಲಿ ಚಿತ್ರದ ಪಾಲೂ ಇದೆ ಎಂದು ನನ್ನ ಅಭಿಪ್ರಾಯ. ಕ್ಯಾಮೆರಾ ಉದ್ದಕ್ಕೂ ವೇಲಣಕರನ ಜೊತೆಗಿದೆ, ಅವನ ಸಂಕಟದ ಹತ್ತಿರದಲ್ಲಿದೆ. ಕಳ್ಳನ ಮನೆಯಲ್ಲಿ ಯಾರಿದ್ದರು ಎಂದು ಅದು ಕೇಳಲು ಹೋಗುವುದಿಲ್ಲ.

ಹಾಗಾದರೆ ಈ ಚಿತ್ರದಲ್ಲಿ ನೈತಿಕ ಧೈರ್ಯ ಇಲ್ಲವೇ? ಇದೆ, ನಾವು ಕಣ್ಣಾಡಿಸದ ಕಡೆ ಇದೆ. ಹೆಂಡತಿಯನ್ನು ಕಾಡಿದವರ ಮೇಲೆ ದೂರು ಕೊಡಲು ಬಂದ ಆ ಗುಡಿಸಲಿನವನನ್ನು ನೋಡಿ. ದೂರು ಕೊಟ್ಟ ರಾತ್ರಿ ಅವನು ಮಲಗಬೇಕಾದದ್ದು ಅದೇ ಗಲ್ಲಿಯಲ್ಲಿ. ಅವನಿಗೆ ಪಿಸ್ತೂಲಿಲ್ಲ, ಹೈದರ್ ಅಲಿ ಇಲ್ಲ. ಸುಟ್ಟ ಮೈಯಲ್ಲಿ ಆಸ್ಪತ್ರೆಯಲ್ಲಿ ಬಿದ್ದುಕೊಂಡು ಹೇಳಿಕೆ ಕೊಟ್ಟವನನ್ನು ನೋಡಿ. ಅವನು ಸಂತನಲ್ಲ, ನಿನ್ನೆಯವರೆಗೆ ಅದೇ ಗುಂಪಿನವನು. ವ್ಯವಸ್ಥೆಗೆ ಬೇಕಾದದ್ದನ್ನು ಇಬ್ಬರೂ ಒದಗಿಸಿದರು: ಒಂದು ದೂರು, ಒಂದು ಹೇಳಿಕೆ. ಎರಡೂ ಕಾಗದಗಳು ಯಾರದೋ ಮೇಜಿನಲ್ಲಿ ಕೊಳೆತವು. ವೇಲಣಕರನ ವಿಷಯಕ್ಕೆ ಬಂದರೆ, ಅವನ ಧೈರ್ಯವನ್ನು ನಾನು ಕೊಲೆಯ ನಂತರದಲ್ಲಿ, ಠಾಣೆಗೆ ನಡೆದುಹೋಗುವುದರಲ್ಲಿ ಕಾಣುತ್ತೇನೆ. ಇನ್ನು ಯಾರ ಫೋನೂ ತನಗೆ ಬೇಡ ಎಂದು ಅವನು ಮೊದಲ ಬಾರಿಗೆ ತೀರ್ಮಾನಿಸಿದ್ದು ಅಲ್ಲಿ.

ಕನ್ನಡದ ತೆರೆಯತ್ತ ಒಮ್ಮೆ ತಿರುಗಿ ನೋಡಬಹುದು. 1985ರಲ್ಲಿ ಶಂಕರ್ ನಾಗ್ ಮಾಡಿದ 'ಆಕ್ಸಿಡೆಂಟ್' ಈ ಚಿತ್ರದ ನೆರೆಮನೆಯದು. ಅಲ್ಲಿಯೂ ಅಧಿಕಾರಸ್ಥನ ಮಗನ ಕಾರಿನಡಿ ಸತ್ತ ಪಾದಚಾರಿ ಮಾರ್ಗದ ಜನರ ಪರವಾಗಿ ದನಿಯೆತ್ತುವುದು ಒಬ್ಬ ಪತ್ರಕರ್ತನಿಗೆ ದುಬಾರಿಯಾಗುತ್ತದೆ. 1996ರ 'ಪೊಲೀಸ್ ಸ್ಟೋರಿ'ಯಲ್ಲಿ ಸಾಯಿಕುಮಾರ್ ಅಬ್ಬರಿಸಿದಾಗ ಮಾತ್ರ ನಾವು ಮತ್ತೆ ಜಂಜೀರ್‌ನ ಕುರ್ಚಿಯ ಕಡೆಗೇ ವಾಲಿದ್ದೆವು. ಆ ಸಂಭಾಷಣೆಗಳನ್ನು ಬಾಯಿಪಾಠ ಮಾಡಿದವರು ಈ ಸಭೆಯಲ್ಲೂ ಇರಬಹುದು. ತಪ್ಪೇನಿಲ್ಲ, ನನಗೂ ಒಂದೆರಡು ಬರುತ್ತವೆ.

ಪರದೆಯ ಹೊರಗೆ ಏನಾಯಿತು? ಪೊಲೀಸರನ್ನು ರಾಜಕೀಯದ ಕೈಯಿಂದ ಬಿಡಿಸುವ ಬಗ್ಗೆ ಧರ್ಮವೀರ ಅವರ ಅಧ್ಯಕ್ಷತೆಯ ರಾಷ್ಟ್ರೀಯ ಪೊಲೀಸ್ ಆಯೋಗ 1981ರ ಹೊತ್ತಿಗೇ ಎಂಟು ವರದಿ ಕೊಟ್ಟಿತ್ತು. ಚಿತ್ರೀಕರಣ ನಡೆಯುವಾಗ ಅವು ಕಪಾಟಿನಲ್ಲಿದ್ದವು. ಅದೇ ದಿಕ್ಕಿನ ನಿರ್ದೇಶನಗಳನ್ನು ಸುಪ್ರೀಂ ಕೋರ್ಟು ಕೊಟ್ಟದ್ದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ, 2006ರಲ್ಲಿ. ಅದು ಫೋನಿನ ಸಮಸ್ಯೆಗೆ ಸಂಬಂಧಿಸಿದ್ದು. ಲಾಕಪ್ಪಿನ ಸಮಸ್ಯೆಗೆ 1996ರ ಡಿ. ಕೆ. ಬಸು ತೀರ್ಪು ಬಂತು: ಬಂಧಿಸುವವನ ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು, ಬಂಧನದ ಮೆಮೊ ಬರೆಯಬೇಕು, ಮನೆಯವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯರು ನೋಡಬೇಕು. 2020ರಲ್ಲಿ ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕೆಂದು ಅದೇ ನ್ಯಾಯಾಲಯ ಹೇಳಿತು. ಈ ನಿಯಮಗಳನ್ನು ಓದುವಾಗ ನನಗೆ ನೆನಪಾಗುವುದು ರಾಮಾ ಶೆಟ್ಟಿಯಲ್ಲ, ರೇಡಿಯೋ ಕದ್ದವನು.

ಒಂದು ಮಾತು ಹೇಳಿ ಮುಗಿಸುತ್ತೇನೆ. 'ಅರ್ಧ ಸತ್ಯ' ಚಿತ್ರಮಂದಿರಗಳಿಗೆ ಬಂದ ಅದೇ 1983ರಲ್ಲಿ, ಆಂಧ್ರದ ಗುಂಟೂರಿನಲ್ಲಿ ಕೂಲಿ ಮಾಡಿಕೊಂಡಿದ್ದ ಎಂ. ಚಂದ್ರಕುಮಾರ್ ಎಂಬ ತಮಿಳು ಯುವಕನನ್ನು ಪೊಲೀಸರು ಸಂಶಯದ ಮೇಲೆ ಹಿಡಿದು ಲಾಕಪ್ಪಿಗೆ ಹಾಕಿದರು. ಮಾಡದ ಅಪರಾಧವನ್ನು ಒಪ್ಪಿಕೊಳ್ಳುವಂತೆ ದಿನಗಟ್ಟಲೆ ಹೊಡೆದರು. ಚಂದ್ರಕುಮಾರ್ ಬದುಕಿ ಹೊರಬಂದು, ಮುಂದೆ ಕೊಯಮತ್ತೂರಿನಲ್ಲಿ ಆಟೋ ಓಡಿಸಿಕೊಂಡು ಆ ದಿನಗಳನ್ನು 'ಲಾಕಪ್' ಎಂಬ ಪುಸ್ತಕವಾಗಿ ಬರೆದರು. 2015ರಲ್ಲಿ ವೆಟ್ರಿಮಾರನ್ ಅದನ್ನಾಧರಿಸಿ 'ವಿಸಾರಣೈ' ಮಾಡಿದಾಗ ಕ್ಯಾಮೆರಾ ಲಾಕಪ್ಪಿನ ನೆಲದ ಮೇಲೆ, ಹೊಡೆಸಿಕೊಳ್ಳುವವರ ಪಕ್ಕದಲ್ಲಿ ಕುಳಿತಿತ್ತು. ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಏನೆಂದರೆ, ಈ ಎರಡು ಚಿತ್ರಗಳನ್ನು ಒಂದೇ ವಾರದಲ್ಲಿ ನೋಡಿ. 'ಅರ್ಧ ಸತ್ಯ'ವನ್ನು ಎರಡನೆಯದಾಗಿ ನೋಡಿ. ಲಾಕಪ್ಪಿನ ಆ ದೃಶ್ಯ ಬಂದಾಗ ನೀವು ಯಾರನ್ನು ನೋಡುತ್ತಿದ್ದಿರಿ ಎಂದು ನನಗೆ ಬರೆದು ತಿಳಿಸಿದರೆ ಸಂತೋಷ.